ಕೊಳವೆಯ ಲೆಕ್ಕ ಗ್ರಾಮಸಭೆಗೆ ಬರಲಿ

ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ಎತ್ತಿದ ನೇತ್ರಾವತಿಯ ನೀರು ಪಡೀಲಿನ ದಾರಿಯಾಗಿ ಮಂಗಳೂರನ್ನು ತಲುಪುತ್ತದೆ. 2019ರ ಬೇಸಿಗೆಯಲ್ಲಿ ಅಣೆಕಟ್ಟಿನ ನೀರು ತಗ್ಗಿ, ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. 2023ರಲ್ಲಿಯೂ ಅದೇ ಪಾಡು. ಸರದಿಯ ದಿನಗಳಲ್ಲಿ ತಗ್ಗಿನ ಮನೆಯವರೆಲ್ಲ ಒಮ್ಮೆಲೇ ನಲ್ಲಿ ತಿರುಗಿಸಿದರೆ ಗುಡ್ಡದ ಮೇಲಿನ ಮನೆಯ ನಲ್ಲಿಯಿಂದ ಗಾಳಿಯಷ್ಟೇ ಬರುತ್ತದೆ. ಇದರ ಹೊಣೆಯನ್ನು ನೀರು ಬಿಡುವವನ ತಲೆಗೆ ಕಟ್ಟುವ ಮುನ್ನ ಕೊಳವೆಯ ನಿಯಮವನ್ನು ಅರಿಯುವುದು ಲೇಸು.

ಹರಿಯುವ ನೀರು ಕೊಳವೆಯ ಗೋಡೆಗೆ ಉಜ್ಜುತ್ತ ತನ್ನ ಒತ್ತಡವನ್ನು ಕಳೆದುಕೊಳ್ಳುತ್ತದೆ. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಒತ್ತಡವನ್ನು ಕೊಡುತ್ತದೆಯಾದ್ದರಿಂದ ನಷ್ಟವನ್ನೂ ಮೀಟರುಗಳಲ್ಲಿಯೇ ಹೇಳುವುದು ವಾಡಿಕೆ. ಹೇಜನ್-ವಿಲಿಯಮ್ಸ್ ಸೂತ್ರದಂತೆ, ಒಂದೇ ಕೊಳವೆಯಲ್ಲಿ ಹರಿವು ಇಮ್ಮಡಿಯಾದರೆ ನಷ್ಟ 3.6 ಪಟ್ಟಾಗುತ್ತದೆ. ಹರಿವು ಅಷ್ಟೇ ಇದ್ದು ಒಳವ್ಯಾಸ ಅರ್ಧಕ್ಕಿಳಿದರೆ ನಷ್ಟ ಸುಮಾರು 29 ಪಟ್ಟು!

ಮಲೆನಾಡಿನ ಒಂದು ಒರತೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಪ್ಪತ್ತು ಲೀಟರಿನ ಬಕೆಟ್ ನಲವತ್ತು ಸೆಕೆಂಡಿನಲ್ಲಿ ತುಂಬಿದರೆ ಹರಿವು ಸೆಕೆಂಡಿಗೆ ಅರ್ಧ ಲೀಟರ್. ಒರತೆಯು ಮನೆಗಳಿಂದ 500 ಮೀಟರ್ ದೂರದಲ್ಲಿ, 15 ಮೀಟರ್ ಎತ್ತರದಲ್ಲಿದೆ ಎನ್ನೋಣ. 25 ಮಿಲಿಮೀಟರ್ ಒಳವ್ಯಾಸದ ಪ್ಲಾಸ್ಟಿಕ್ ಕೊಳವೆಯಲ್ಲಿ ಇಷ್ಟು ನೀರು ಸಾಗಲು ಸುಮಾರು 24 ಮೀಟರ್ ಎತ್ತರ ಬೇಕು, ಇರುವುದು 15. ಆದ್ದರಿಂದ ಪೂರ್ತಿ ನೀರು ಬಾರದು. 32 ಮಿಲಿಮೀಟರಿನದಾದರೆ ನಷ್ಟ ಏಳೂ ಕಾಲು ಮೀಟರಿನಷ್ಟು ಮಾತ್ರ. ಉಳಿದ ಎತ್ತರ ನಲ್ಲಿಯ ಒತ್ತಡಕ್ಕೆ ಒದಗುತ್ತದೆ. ಎಚ್‌ಡಿಪಿಇ ಕೊಳವೆಯ ಮೇಲೆ ಬರೆದಿರುವುದು ಹೊರವ್ಯಾಸ. ಒಳಗಿನ ಅಳತೆ ಅದಕ್ಕಿಂತ ಕಡಿಮೆ. ಕೊಳ್ಳುವಾಗ ಇದು ನೆನಪಿರಲಿ.

ಆದರೆ ಕೊಳವೆಯ ಲೆಕ್ಕಕ್ಕಿಂತ ಮೊದಲಿನದು ಮೂಲದ ಲೆಕ್ಕ. ಆ ಬಕೆಟನ್ನು ಆಷಾಢದಲ್ಲಿ ಹಿಡಿದು ಕೊಳವೆ ಹಾಕಿದ ಊರು ಏಪ್ರಿಲಿನಲ್ಲಿ ಒಣಗುತ್ತದೆ. ಜಲಜೀವನ ಯೋಜನೆ ತಲೆಗೆ ದಿನಕ್ಕೆ 55 ಲೀಟರ್ ಎನ್ನುತ್ತದೆ. ಸೆಕೆಂಡಿಗೆ ಅರ್ಧ ಲೀಟರ್ ಬೇಸಿಗೆಯಲ್ಲಿಯೂ ನಿಂತರೆ ಏಳುನೂರಕ್ಕೂ ಹೆಚ್ಚು ಜನಕ್ಕೆ ಸಾಕು. ನಿಲ್ಲದಿದ್ದರೆ ಎಷ್ಟು ದಪ್ಪದ ಕೊಳವೆಯೂ ವ್ಯರ್ಥ.

ಎತ್ತಿನಹೊಳೆಯ ವಿವಾದವೂ ಮೂಲತಃ ಇದೇ. ಯೋಜನೆ 24.01 ಟಿಎಂಸಿ ನೀರನ್ನು ಎಣಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ಅಂದಾಜಿನಲ್ಲಿ ಆ ಪ್ರದೇಶದ ಒಟ್ಟು ಇಳುವರಿ 9.55 ಟಿಎಂಸಿ. ಕೊಳವೆಯನ್ನು ಎಷ್ಟು ದೊಡ್ಡದಾಗಿಯೂ ಮಾಡಬಹುದು. ಹೊಳೆಯನ್ನು ಹಾಗೆ ದೊಡ್ಡದು ಮಾಡಲಾಗದು.

ಆದ್ದರಿಂದ ಊರಿಗೆ ಕೊಳವೆ ಬರುವ ಮುನ್ನ ನಾಲ್ಕು ಅಂಕಿಗಳನ್ನು ಗ್ರಾಮಸಭೆಯಲ್ಲಿ ಕೇಳಬೇಕು: ಕಡುಬೇಸಿಗೆಯ ಹರಿವು, ಎತ್ತರದ ಅಂತರ, ಕೊಳವೆಯ ಉದ್ದ, ಒಳವ್ಯಾಸ. ವಿದ್ಯಾರ್ಥಿಗಳು ಬರುವ ಏಪ್ರಿಲಿನಲ್ಲಿ ಒಂದು ಬಕೆಟ್, ಒಂದು ಗಡಿಯಾರ ಹಿಡಿದು ತಮ್ಮ ಊರಿನ ಒರತೆಗಳನ್ನು ಅಳೆದು ಬರೆದಿಡಲಿ. ಅಳತೆಯಿದ್ದ ಊರಿನ ಮಾತಿಗೆ ಕಚೇರಿಯಲ್ಲಿಯೂ ತೂಕವಿರುತ್ತದೆ.