ಮುಕ್ಕಾಮಿನಿಂದ ಮುಕ್ಕಾಮಿಗೆ



ಅಕ್ಕಲಕೋಟೆ ತಾಲೂಕಿನ ನಮ್ಮ ಕನ್ನಡ ಶಾಲೆಯಲ್ಲಿ ಐದನೆಯ ವರ್ಗದ ಬಾಲಿಕೆಯೊಬ್ಬಳಿದ್ದಳು. ಪಾಠದಲ್ಲಿ ಜಾಣೆ, ಆದರೆ ಆಟದ ತಾಸು ಬಂದಿತೆಂದರೆ ಆಕೆಗೆ ಹೊಟ್ಟೆ ನೋಯುತ್ತಿತ್ತು. ಅದನ್ನು ನಾವು ನೆವವೆಂದೇ ಎಣಿಸಿದೆವು. ಒಂದು ದಿನ ಮೈದಾನವನ್ನು ನಾಲ್ಕು ಸುತ್ತು ನಿಲ್ಲದೆ ಓಡಬೇಕೆಂದು ಮಕ್ಕಳಿಗೆಲ್ಲ ಅಪ್ಪಣೆ ಕೊಟ್ಟೆವು. ಎರಡನೆಯ ಸುತ್ತಿನಲ್ಲಿಯೇ ಆಕೆ ಪಕ್ಕೆ ಹಿಡಿದುಕೊಂಡು ಕುಳಿತುಬಿಟ್ಟಳು. ಉಳಿದವರು ನಕ್ಕರು. ಮರುದಿನ ಆಕೆ ಶಾಲೆಗೆ ಬರಲಿಲ್ಲ; ಅದರ ಮರುದಿನವೂ ಬರಲಿಲ್ಲ.

ಮನೆಗೆ ಹೋಗಿ ವಿಚಾರಿಸಿದಾಗ ತಾಯಿ ಹೇಳಿದಳು: "ಗುರುಗಳ, ಅಕಿ ಓಡಾಕ ಹೆದರೂದಿಲ್ರಿ. ಹಿಂದ ಉಳಿದ್ರ ನಗತಾರಂತ ಹೆದರತಾಳ."

ಓದು ಬಾರದ ಆ ತಾಯಿಗೆ ತಿಳಿದುದು ತರಬೇತಿ ಪಡೆದ ನಮಗೆ ತಿಳಿದಿರಲಿಲ್ಲ. ಎರಡರ ಮಗ್ಗಿ ಬಾರದವರಿಗೆ ಹತ್ತೊಂಬತ್ತರ ಮಗ್ಗಿಯನ್ನು ನಾವೆಂದೂ ಕೇಳುವುದಿಲ್ಲ. ಓಟದಲ್ಲಿ ಮಾತ್ರ ಅದನ್ನೇ ಮಾಡಿದ್ದೆವು. ಆಳಂದಿಯಿಂದ ನಮ್ಮ ಜಿಲ್ಲೆಯ ಪಂಢರಪುರಕ್ಕೆ ಬರುವ ವಾರಕರಿಗಳು ಇನ್ನೂರು ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಮುಕ್ಕಾಮಿನಿಂದ ಮುಕ್ಕಾಮಿಗೆ ನಡೆದು ಮುಗಿಸುತ್ತಾರೆ. ಸೊಲ್ಲಾಪುರದ ಸಿದ್ಧರಾಮೇಶ್ವರರ ಜಾತ್ರೆಯಲ್ಲಿ ಭಾರವಾದ ನಂದಿಧ್ವಜವನ್ನು ಹೊರುವವರು ಸಂಕ್ರಾಂತಿಗೆ ಎಷ್ಟೋ ದಿನ ಮೊದಲಿನಿಂದಲೇ ರೂಢಿ ಮಾಡಿಕೊಳ್ಳುತ್ತಾರೆ. ದೊಡ್ಡವರಿಗೆ ಬೇಕಾದ ಈ ಕ್ರಮ ಚಿಕ್ಕ ಮಗುವಿಗೆ ಬೇಡವೆ?

ಹೊಸದಾಗಿ ಮೊದಲುಮಾಡಿದೆವು. ವಾರದಲ್ಲಿ ಮೂರು ದಿನ, ಬೆಳಗಿನ ತಂಪು ಹೊತ್ತಿನಲ್ಲಿ, ಗೆಳತಿಯೊಬ್ಬಳನ್ನು ಜೊತೆಮಾಡಿ, ಬೇವಿನ ಮರಗಳ ಸಾಲಿರುವ ದಾರಿಗೆ ಕರೆದೊಯ್ದೆವು. ಒಂದು ಮರದಿಂದ ಇನ್ನೊಂದಕ್ಕೆ ಓಟ, ಅಲ್ಲಿಂದ ಮುಂದಿನ ಮರದವರೆಗೆ ನಡಿಗೆ. ಮೊದಲ ವಾರ ಇಂಥ ಆರೇ ಸರದಿಗಳು. ಗೆಳತಿಯೊಡನೆ ಮಾತನಾಡಲು ಬರುವಷ್ಟೇ ವೇಗ. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ಮುಂದೆ ಎರಡು ಮರ ಓಟ, ಒಂದು ಮರ ನಡಿಗೆ. ಯಾವ ವಾರ ಕಷ್ಟವೆನಿಸಿತೋ ಆ ವಾರದ ಪಾಠವನ್ನೇ ಮತ್ತೊಮ್ಮೆ ಮಾಡಿಸಿದೆವು. ಗಡಿಯಾರವನ್ನು ನೋಡಲಿಲ್ಲ. ಐವತ್ತು ದಾಟಿದ ನಾವು ಆಕೆಯ ಹಿಂದೆಯೇ ಓಡುತ್ತಿದ್ದೆವು. ಕಡೆಯವರು ಯಾವಾಗಲೂ ನಾವೇ ಆಗಿರುತ್ತಿದ್ದೆವು.

ದಣಿವಾರಿಸಿಕೊಳ್ಳುವಾಗ ಆಕೆಗೆ ಲಲಿತಾ ಬಾಬರರ ವಿಷಯ ಹೇಳಿದೆವು. ನೆರೆಯ ಸಾತಾರಾ ಜಿಲ್ಲೆಯ ಮೋಹಿ ಎಂಬ ಹಳ್ಳಿಯ ಆ ಹೆಣ್ಣುಮಗಳು 2016ರ ರಿಯೋ ಒಲಿಂಪಿಕ್ಸಿನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ ಓಟದ ಅಂತಿಮ ಸ್ಪರ್ಧೆಗೆ ತಲುಪಿದರು, ಬಂದುದು ಹತ್ತನೆಯವರಾಗಿ. "ಹತ್ತನೇದಾಕಿಗೆ ಯಾರೂ ನಗಲಿಲ್ಲೇನ್ರಿ?" ಎಂದು ಬಾಲಿಕೆ ಕೇಳಿದಳು. "ಇಲ್ಲವ್ವ, ಎಲ್ಲರೂ ಹೆಮ್ಮೆಪಟ್ಟರು" ಎಂದೆವು. ಆಕೆ ಬಹಳ ಹೊತ್ತು ಸುಮ್ಮನಿದ್ದಳು.

ಪಾಲಕರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಊಟವಾದ ಮೇಲೆ ಎರಡು ತಾಸು ಓಡಿಸಬಾರದು. ಪಕ್ಕೆ ಹಿಡಿದರೆ ನಡೆಯಿಸಿ, ನಿಧಾನವಾಗಿ ಉಸಿರಾಡಲು ಹೇಳಬೇಕು. ನೀರು ಕುಡಿಸಬೇಕು. ನಮ್ಮ ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಹೊತ್ತೇರಿದ ಮೇಲೆ ಓಟ ಬೇಡ. ಉಸಿರಿನಲ್ಲಿ ಸಿಳ್ಳಿನಂಥ ಸಪ್ಪಳ, ಎದೆನೋವು, ತಲೆಸುತ್ತು ಕಂಡರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಣ್ಣನೊಡನೆಯಾಗಲಿ ನೆರೆಮನೆಯ ಮಗುವಿನೊಡನೆಯಾಗಲಿ ಹೋಲಿಸಬಾರದು.

ಹತ್ತನೆಯ ವಾರದಲ್ಲಿ ಆಕೆ ಒಂದು ಕಿಲೋಮೀಟರನ್ನು ನಿಲ್ಲದೆ ಓಡಿದಳು. ಶಾಲೆಯ ಕ್ರೀಡಾದಿನದಂದು ಆಕೆಗೆ ಬಹುಮಾನ ಬರಲಿಲ್ಲ. ಆಕೆಯ ಹಿಂದೆ ಇದ್ದವಳು ಒಬ್ಬಳೇ. ಆದರೆ ಗೆರೆ ಮುಟ್ಟುವವರೆಗೆ ಕುಳಿತುಕೊಳ್ಳಲಿಲ್ಲ. ಮುಟ್ಟಿದವಳೇ ತಿರುಗಿ ನಿಂತು, ಹಿಂದೆ ಬರುತ್ತಿದ್ದವಳಿಗೆ "ಬಾರ, ಇನ್ನ ಸ್ವಲ್ಪ ಐತಿ" ಎಂದು ಕೂಗಿದಳು. ಆ ದಿನ ಮೈದಾನದಲ್ಲಿ ಯಾರೂ ನಗಲಿಲ್ಲ.