ಸೋಲ್ಡರ್ ಮತ್ತು ಬೀಡು ಕಬ್ಬಿಣ: ದರಕ್ಕಿಂತ ಮೊದಲು ಗುಣ

‘ಸೋಲ್ಡರ್, 10 ಕಿಲೋ’, ‘ಬೀಡು ಕಬ್ಬಿಣದ ಎರಕ, 200 ಕಿಲೋ’ ಎಂದಷ್ಟೇ ಬರೆದು, ಕಿಲೋ ದರವೊಂದನ್ನೇ ನೋಡಿ ಖರೀದಿ ಮುಗಿಸುವ ರೂಢಿ ಅನೇಕ ಸಣ್ಣ ಘಟಕಗಳಲ್ಲಿ ಇಂದಿಗೂ ಇದೆ. ಈ ಎರಡು ಲೋಹಗಳ ಗುಣಧರ್ಮಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ರೂಢಿ ಎಷ್ಟು ದುಬಾರಿಯೆಂಬುದು ತಿಳಿಯುತ್ತದೆ.

ಶೇ. 63 ತವರ ಹಾಗೂ ಶೇ. 37 ಸೀಸದ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬೂದು ಬೀಡು ಕಬ್ಬಿಣ ಕರಗಲು ಸುಮಾರು 1150 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಶಾಖ ಬೇಕು. ಕೆಲ್ವಿನ್ ಮಾನದಲ್ಲಿ ಲೆಕ್ಕ ಹಾಕಿದರೆ, ಕೋಣೆಯ ಉಷ್ಣಾಂಶದಲ್ಲಿಯೇ ಸೋಲ್ಡರ್ ತನ್ನ ಕರಗುವ ಉಷ್ಣಾಂಶದ ಸುಮಾರು ಮೂರರಲ್ಲಿ ಎರಡು ಪಾಲನ್ನು ತಲುಪಿರುತ್ತದೆ. ಬೀಡು ಕಬ್ಬಿಣ ಐದರಲ್ಲಿ ಒಂದು ಪಾಲಿನಷ್ಟು ಮಾತ್ರ. ಆದ್ದರಿಂದ ಸತತ ಭಾರ ಹೊತ್ತ ಸೋಲ್ಡರ್ ನಿಧಾನವಾಗಿ ಹಿಗ್ಗುತ್ತಾ ಹೋಗುತ್ತದೆ. ವಿದ್ಯುತ್ ಸಂಪರ್ಕ ಕಲ್ಪಿಸುವುದು ಅದರ ಕೆಲಸವೇ ಹೊರತು ಭಾರ ಹೊರುವುದಲ್ಲ. ಬೀಡು ಕಬ್ಬಿಣದೊಳಗಿನ ಗ್ರಾಫೈಟ್ ಪದರಗಳು ಕಂಪನವನ್ನು ಹೀರಿಕೊಳ್ಳುತ್ತವೆ. ಲೇತ್ ಯಂತ್ರದ ತಳಕ್ಕೆ ಅದನ್ನು ಬಳಸುವುದು ಇದೇ ಕಾರಣಕ್ಕೆ. ಅದೇ ಪದರಗಳ ದೆಸೆಯಿಂದ ಅದು ಎಳೆತಕ್ಕಿಂತ ಒತ್ತಡವನ್ನು ಮೂರು ನಾಲ್ಕು ಪಟ್ಟು ಹೆಚ್ಚು ತಾಳಿದರೂ, ಸುತ್ತಿಗೆಯ ಪೆಟ್ಟಿಗೆ ಒಡೆಯುತ್ತದೆ. ಹೀಗಿರುವಾಗ ಯಾವುದು ಗಟ್ಟಿ ಎಂಬ ಪ್ರಶ್ನೆಗಿಂತ ಯಾವುದು ಯಾವ ಕೆಲಸಕ್ಕೆ ಎಂಬ ಪ್ರಶ್ನೆಯೇ ಸಮಂಜಸ.

ಹೆಸರೊಂದೇ ಆದರೂ ದರ್ಜೆ ಬೇರೆ. ಭಾರತೀಯ ಮಾನಕ 210ರ ಪ್ರಕಾರ ಎಫ್‌ಜಿ 200 ಎಂದರೆ ಪರೀಕ್ಷಾ ಸರಳಿನಲ್ಲಿ ಚದರ ಮಿಲಿಮೀಟರಿಗೆ ಕನಿಷ್ಠ 200 ನ್ಯೂಟನ್ ಕರ್ಷಣ ಬಲ. ಎಫ್‌ಜಿ 260 ಎಂದರೆ 260. ಸೋಲ್ಡರ್‌ನಲ್ಲಿಯೂ ಹಾಗೆಯೇ. ಐರೋಪ್ಯ ಒಕ್ಕೂಟವು 2006ರ ಜುಲೈ 1ರಿಂದ ವಿದ್ಯುನ್ಮಾನ ಸರಕುಗಳಲ್ಲಿ ಸೀಸವನ್ನು ನಿರ್ಬಂಧಿಸಿದ ಮೇಲೆ ತವರ, ಶೇ. 3 ಬೆಳ್ಳಿ ಹಾಗೂ ಶೇ. 0.5 ತಾಮ್ರದ ಮಿಶ್ರಲೋಹ ಬಳಕೆಗೆ ಬಂದಿತು. ಅದು ಕರಗುವುದು ಸುಮಾರು 217ರಿಂದ 220 ಡಿಗ್ರಿಯಲ್ಲಿ. ಸೀಸದ ಸೋಲ್ಡರ್‌ನ ಸಾಂದ್ರತೆ ಸುಮಾರು 8.4 ಆದರೆ ಇದರದು 7.4. ಅಂದರೆ ಅದೇ ಗಾತ್ರದ ಬೆಸುಗೆಗೆ ಶೇ. 12ರಷ್ಟು ಕಡಿಮೆ ತೂಕ ಸಾಕು. ಕಿಲೋ ದರವನ್ನಷ್ಟೇ ಹೋಲಿಸುವವರ ಲೆಕ್ಕ ಇಲ್ಲಿಯೇ ತಪ್ಪುತ್ತದೆ.

ಪರೀಕ್ಷೆಯ ಖರ್ಚು ಸಣ್ಣ ಘಟಕಕ್ಕೆ ಹೊರೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಆದೇಶದಲ್ಲಿ ದರ್ಜೆಯನ್ನೂ ಉದ್ದೇಶವನ್ನೂ ನಮೂದಿಸಿ, ಪೂರೈಕೆದಾರರಿಂದ ಪರೀಕ್ಷಾ ಪ್ರಮಾಣಪತ್ರ ಕೇಳಲು ಎರಡು ಸಾಲು ಸಾಕು. 1930ರ ಸರಕು ಮಾರಾಟ ಕಾಯಿದೆಯು ವರ್ಣನೆಗೆ ಹೊಂದುವ ಸರಕನ್ನು ಪಡೆಯುವ ಹಕ್ಕನ್ನು ಖರೀದಿದಾರನಿಗೆ ನೀಡಿದೆ. ವರ್ಣನೆಯೇ ಇಲ್ಲದಿದ್ದರೆ ಆ ಹಕ್ಕನ್ನು ಸಾಧಿಸುವುದು ಹೇಗೆ? 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆಯಡಿ, ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ಸಣ್ಣ ಪೂರೈಕೆದಾರನ ಸರಕನ್ನು ಅಂಗೀಕರಿಸಿದಂತೆಯೇ ಪರಿಗಣಿಸಲಾಗುತ್ತದೆ. ದೋಷ ಹದಿನಾರನೆಯ ದಿನ ಲೇತ್‌ನ ಮೇಲೆ ಕಂಡರೆ ನಷ್ಟದ ಹೊರೆ ಬಹುಮಟ್ಟಿಗೆ ಖರೀದಿದಾರನ ತಲೆಗೇ ಬರುತ್ತದೆ.

ಆದ್ದರಿಂದ ಲೋಹದ ಗುಣಧರ್ಮವು ಇಂಜಿನಿಯರನ ಕಡತಕ್ಕೆ ಮಾತ್ರ ಸೀಮಿತವಾಗದೆ ಖರೀದಿ ಆದೇಶದಲ್ಲಿಯೂ ಸ್ಥಾನ ಪಡೆಯಬೇಕು.