ಡ್ರಾಯರ್‌ನಲ್ಲಿದ್ದ ಸಿಮ್, ಬಾರದ ಓಟಿಪಿ

ಮ್ಯೂನಿಕ್‌ಗೆ ಬಂದ ಮೊದಲ ವಾರ. ಮನೆ ಹತ್ತಿರದ ಬೇಕರಿಯಲ್ಲಿ ಎರಡು ಬನ್ ತಗೊಂಡು ಕಾರ್ಡ್ ಚಾಚಿದೆ. ಕೌಂಟರ್‌ನಲ್ಲಿದ್ದ ಅಜ್ಜಿ ತಲೆ ಅಲ್ಲಾಡಿಸಿ ಗೋಡೆ ಮೇಲಿನ ಚೀಟಿ ತೋರಿಸಿದರು: 'ನೂರ್ ಬಾರ್‌ಗೆಲ್ಟ್'. ನಗದು ಮಾತ್ರ. ಜೇಬಲ್ಲಿ ಒಂದು ನಾಣ್ಯವೂ ಇರಲಿಲ್ಲ, ಬನ್ ಅಲ್ಲೇ ಬಿಟ್ಟು ಬಂದೆ. ಬೆಂಗಳೂರಲ್ಲಿ ಎಳನೀರಿನ ಗಾಡಿಗೂ ಕ್ಯೂಆರ್ ಕೋಡ್ ನೇತು ಹಾಕಿರ್ತಾರೆ, ಹತ್ತು ರೂಪಾಯಿ ಸೊಪ್ಪು ತಗೊಂಡರೂ ಸೌಂಡ್‌ಬಾಕ್ಸ್ ಬೀದಿಗೆಲ್ಲ ಕೇಳೋ ಹಾಗೆ ಕೂಗುತ್ತೆ. ಜರ್ಮನಿಯಂಥ ಜರ್ಮನಿಯಲ್ಲಿ ಚಿಲ್ಲರೆಗೆ ಪರದಾಟ!

ಕಾರ್ಡ್ ತಗೊಳ್ಳೋ ಅಂಗಡಿಯಲ್ಲೂ ಇನ್ನೊಂದು ತಕರಾರು. ಇಲ್ಲಿಯವರ ಪರ್ಸ್‌ನಲ್ಲಿ ಇರೋದು ಜಿರೋಕಾರ್ಡ್ ಅನ್ನೋ ಇಲ್ಲಿಯದೇ ಡೆಬಿಟ್ ಕಾರ್ಡ್. ನಮ್ಮ ರೂಪೇ ಥರ ಅಂದ್ಕೊಳ್ಳಿ. ಕೆಲವು ಕಡೆ ಅದೊಂದೇ ನಡೆಯೋದು, ವೀಸಾ ಮಾಸ್ಟರ್‌ಕಾರ್ಡ್‌ಗೆ ಬೆಲೆಯಿಲ್ಲ.

ಆದರೆ ಆನ್‌ಲೈನ್‌ನಲ್ಲಿ ಶೂ ಆರ್ಡರ್ ಮಾಡಿದಾಗ ನಿಜವಾಗಲೂ ತಲೆ ತಿರುಗಿತು. ದುಡ್ಡು ಕಟ್ಟುವ ಪುಟದಲ್ಲಿ 'ರೆಖ್ನುಂಗ್' ಅಂತ ಒಂದು ಆಯ್ಕೆ. ಬಿಲ್ ಅಂತ ಅರ್ಥ. ಒತ್ತಿದೆ. ಒಂದು ಪೈಸೆ ಕೊಡದೆ ಶೂ ಮನೆಗೆ ಬಂತು, ಜೊತೆಗೆ ಒಂದು ಬಿಲ್: 14 ದಿನದೊಳಗೆ ಕಟ್ಟಿ. ಆಫೀಸಿನಲ್ಲಿ ಹೇಳಿದರೆ ಸಹೋದ್ಯೋಗಿಗೇ ಆಶ್ಚರ್ಯ. 'ವಸ್ತು ನೋಡೋಕೆ ಮುಂಚೆ ದುಡ್ಡು ಯಾಕೆ ಕೊಡಬೇಕು?' ಅಂದ. ನನಗೆ ಊರಿನ ಶೆಟ್ಟರ ಅಂಗಡಿ ನೆನಪಾಯ್ತು. ಅಪ್ಪ ತಿಂಗಳಿಡೀ ಸಾಮಾನು ತಂದು, ಸಂಬಳ ಆದ ಮೇಲೆ ಲೆಕ್ಕ ಚುಕ್ತಾ ಮಾಡ್ತಿದ್ದರು. ಇದು ಅದೇ ಉದ್ರಿ ಪುಸ್ತಕ, ಸ್ವಲ್ಪ ಇಸ್ತ್ರಿ ಮಾಡಿದ್ದು. (ಸುಮ್ಮನೆ ನಂಬಿ ಕೊಡಲ್ಲ ಬಿಡಿ, ನಿಮ್ಮ ಸಾಲದ ಚರಿತ್ರೆಯನ್ನ ಹಿಂದಿನಿಂದ ನೋಡಿರ್ತಾರೆ. ಶೆಟ್ಟರೂ ನೋಡ್ತಿದ್ದರು.)

ಟೆಕ್ಸಾಸ್‌ನಲ್ಲಿರೋ ನನ್ನ ರೂಮ್‌ಮೇಟ್ ಕಥೆ ಬೇರೆ. ಅಲ್ಲಿ ಕಾರ್ಡ್ ನಂಬರು, ಎಕ್ಸ್‌ಪೈರಿ, ಸಿವಿವಿ ಹಾಕಿದರೆ ಸಾಮಾನ್ಯವಾಗಿ ಕೆಲಸ ಮುಗೀತು, ಓಟಿಪಿ ಕೇಳೋರಿಲ್ಲ. ಹೋಟೆಲಲ್ಲಿ ಸಪ್ಲೈಯರ್ ಕಾರ್ಡನ್ನ ಒಳಗೆ ತಗೊಂಡು ಹೋಗ್ತಾನೆ. ಮೊದಲ ಸಲ ಇವನು ಅವನ ಹಿಂದೆಯೇ ಎದ್ದು ಹೋಗಿದ್ದನಂತೆ. ಅವರಿಗೆ ಭಯ ಇಲ್ಲದ್ದಕ್ಕೆ ಕಾರಣ ಇದೆ. ಅಲ್ಲಿಯ ಕಾನೂನಿನ ಪ್ರಕಾರ, ಕ್ರೆಡಿಟ್ ಕಾರ್ಡನ್ನ ಬೇರೆಯವರು ಕದ್ದು ಬಳಸಿದರೆ ಗ್ರಾಹಕನ ತಲೆ ಮೇಲೆ ಬರೋದು ಹೆಚ್ಚೆಂದರೆ 50 ಡಾಲರ್. ಉಳಿದದ್ದು ಬ್ಯಾಂಕು, ಅಂಗಡಿಯವರ ತಲೆನೋವು.

ನಮ್ಮಲ್ಲಿ ಹಾಗಲ್ಲ, ಮೊದಲು ಬಾಗಿಲಿಗೆ ಬೀಗ. 2009ರ ಆಗಸ್ಟ್‌ನಿಂದಲೇ ರಿಸರ್ವ್ ಬ್ಯಾಂಕ್ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ಪರಿಶೀಲನೆ ಕಡ್ಡಾಯ ಮಾಡಿತ್ತು. ಯುರೋಪಿನಲ್ಲಿ ಅಂಥ ನಿಯಮ ಜಾರಿಗೆ ಬಂದದ್ದು 2019ರಲ್ಲಿ. ಪೇಮೆಂಟ್ ಸಾಫ್ಟ್‌ವೇರ್ ಬರೆಯೋ ನಾನು ಇದನ್ನ ಎಲ್ಲರ ಹತ್ತಿರವೂ ಹೆಮ್ಮೆಯಿಂದ ಹೇಳ್ಕೊಂಡು ತಿರುಗ್ತಿದ್ದೆ. 2023ರ ಡಿಸೆಂಬರ್‌ವರೆಗೆ.

ಅವತ್ತು ಇಲ್ಲಿ ಸಂಜೆ ಏಳು, ಶಿವಮೊಗ್ಗದಲ್ಲಿ ರಾತ್ರಿ ಹನ್ನೊಂದೂವರೆ. ಅಮ್ಮನ ಫೋನು. ಅಪ್ಪನಿಗೆ ಎದೆನೋವು, ಆಸ್ಪತ್ರೆಗೆ ಬಂದಿದ್ದೀವಿ, ನಲವತ್ತು ಸಾವಿರ ಅಡ್ವಾನ್ಸ್ ಕಟ್ಟಿ ಅಂತಿದ್ದಾರೆ. 'ಅಮ್ಮ, ಎರಡು ನಿಮಿಷ' ಅಂದೆ. ಆ ಎರಡು ನಿಮಿಷ ಮುಗಿಯಲೇ ಇಲ್ಲ.

ಭಾರತದ ಖಾತೆಯಲ್ಲಿ ದುಡ್ಡಿತ್ತು. ಓಟಿಪಿ ಹೋಗೋದು ಹಳೇ ನಂಬರಿಗೆ. ಆ ಸಿಮ್ ಡ್ರಾಯರ್‌ನಲ್ಲಿ, ರೀಚಾರ್ಜ್ ಮುಗಿದು ಮೆಸೇಜ್ ಬರೋದೇ ನಿಂತಿತ್ತು. ಯುಪಿಐಗೂ ಅದೇ ನಂಬರು. ಆ ವರ್ಷ ಜನವರಿಯಲ್ಲಿ ವಿದೇಶಿ ನಂಬರಿಗೂ ಯುಪಿಐ ಕೊಡ್ತೀವಿ ಅಂತ ಹೇಳಿದ್ದರು. ಮೊದಲ ಪಟ್ಟಿಯಲ್ಲಿ 10 ದೇಶ: ಅಮೆರಿಕ, ಬ್ರಿಟನ್, ಸಿಂಗಪುರ, ಕತಾರ್ ಹೀಗೆ. ಜರ್ಮನಿ ಇರಲಿಲ್ಲ. ಇಲ್ಲಿಯ ಕಾರ್ಡ್ ಹಾಕಿದರೆ ಆಸ್ಪತ್ರೆಯ ಪೇಮೆಂಟ್ ಪುಟ ವಿದೇಶಿ ಕಾರ್ಡ್ ಅಂತ ಮೂರು ಸಲ ತಿರಸ್ಕರಿಸಿತು. ದಿನವಿಡೀ ಇನ್ನೊಬ್ಬರ ದುಡ್ಡು ದೇಶದಿಂದ ದೇಶಕ್ಕೆ ದಾಟಿಸೋ ಕೋಡ್ ಬರೆಯೋ ನನ್ನ ಕೈಯಲ್ಲಿ ಅಪ್ಪನಿಗೆ ನಲವತ್ತು ಸಾವಿರ ಕಟ್ಟೋಕಾಗಲಿಲ್ಲ. ನಮ್ಮ ಬೀಗ ಗಟ್ಟಿಯೇ, ಕೀಲಿ ಕಳಕೊಂಡ ಯಜಮಾನನನ್ನೂ ಅದು ಒಳಗೆ ಬಿಡಲ್ಲ.

ಕೊನೆಗೆ ಅಮ್ಮ ಪಕ್ಕದ ಮನೆಯ ಮಾವನಿಗೆ ಫೋನ್ ಮಾಡಿದರು. ಮೆಡಿಕಲ್ ಶಾಪ್ ಇಟ್ಟಿದ್ದಾರೆ, ಸಂಬಂಧ ಏನೂ ಇಲ್ಲ, ಚಿಕ್ಕಂದಿನಿಂದ ಮಾವ ಅಂತ ಕರೆದು ಅಭ್ಯಾಸ. ಲುಂಗಿಯಲ್ಲೇ ಬಂದವರು ಕೌಂಟರ್‌ನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಅರ್ಧ ನಿಮಿಷದಲ್ಲಿ ಕಟ್ಟಿದರು. ನಾನು ಫೋನಲ್ಲಿ ಏನೇನೋ ಸಮಜಾಯಿಷಿ ಹೇಳ್ತಿದ್ದೆ. 'ಆಮೇಲೆ ಕೊಡಪ್ಪ, ನೀನೆಲ್ಲಿ ಓಡಿ ಹೋಗ್ತೀಯ' ಅಂದರು.

ಅಪ್ಪನಿಗೆ ಸ್ಟೆಂಟ್ ಹಾಕಿದರು, ಆರಾಮಾಗಿದ್ದಾರೆ. ಮಾವನಿಗೆ ದುಡ್ಡು ಮುಟ್ಟಿಸೋಕೆ ನನಗೆ ಆರು ದಿನ ಬೇಕಾಯ್ತು. ಆ ಸಿಮ್ ಈಗ ಹಳೇ ಫೋನೊಂದರಲ್ಲಿ ಸದಾ ಚಾರ್ಜ್‌ಗೆ ಇರುತ್ತೆ, ರೀಚಾರ್ಜ್‌ಗೆ ಕ್ಯಾಲೆಂಡರ್‌ನಲ್ಲಿ ಎರಡೆರಡು ರಿಮೈಂಡರ್. ಅಮ್ಮನ ಖಾತೆಯಲ್ಲಿ ಒಂದಿಷ್ಟು ದುಡ್ಡು ಯಾವಾಗಲೂ ಇಟ್ಟಿರ್ತೀನಿ, ಅವರಿಗೆ ಯುಪಿಐ ಕಲಿಸಿದ್ದೂ ಆಯ್ತು. ಹೊರದೇಶದಲ್ಲಿದ್ದರೆ ನೀವೂ ಇವತ್ತು ರಾತ್ರಿ ಆ ಹಳೇ ಸಿಮ್ ಒಂದು ಸಲ ಹಾಕಿ ನೋಡಿ.

ಅಪ್ಪ ಭಾನುವಾರ ವಿಡಿಯೋ ಕಾಲ್‌ನಲ್ಲಿ ತಪ್ಪದೆ ಕೇಳ್ತಾರೆ: 'ಆ ಬೇಕರಿ ಅಜ್ಜಿ ಈಗಲಾದರೂ ಕಾರ್ಡ್ ತಗೋತಾರೇನೋ?'

ಇಲ್ಲ. ಆದರೆ ಚಿಲ್ಲರೆ ಕಡಿಮೆಯಾದರೆ ಮುಖ ನೋಡಿ ಬನ್ ಕೊಡ್ತಾರೆ, ನಾಳೆ ತಂದುಕೊಡು ಅಂತ.